ನೂರು ವರ್ಷದ ತಟ್ಟೆಗಳು

ಡ್ರೈವು ಮೂರನೆಯ ಸಲವೂ ಡಿಸ್ಕನ್ನು ಹೊರಕ್ಕೆ ಉಗುಳಿತು. ಕುಯ್ಯೋ ಎಂದು ಒಂದಿಷ್ಟು ಹೊತ್ತು ತಿರುಗಿ, ಕಟಕಟ ಹಲ್ಲು ಕಡಿದು, ಕೊನೆಗೆ ಪರದೆಯ ಮೇಲೆ ಅದೇ ಸಾಲು ಮೂಡಿಸಿತ್ತು: ಡಿಸ್ಕಿನಲ್ಲಿ ಏನೂ ಇಲ್ಲ.

"ಏನೂ ಇಲ್ಲ ಅಂದ್ರೆ?" ಎಂದರು ಹೃದಯದ ಸರ್ಜನ್. "ಮೇಲೆ ಮಗುವಿನ ನಂಬರ್ ಇದೆ, ತಾರೀಖು ಇದೆ, ನಿಮ್ಮದೇ ಅಕ್ಷರ. ಒಳಗೆ ಏನೂ ಇಲ್ವಾ?"

ತಟ್ಟೆಯಮ್ಮ ಡಿಸ್ಕನ್ನು ಕೈಗೆತ್ತಿಕೊಂಡಳು. ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಹನ್ನೊಂದು ವರ್ಷದಿಂದ ಸ್ಕ್ಯಾನ್ ವಿಭಾಗದ ದಾಖಲೆ ಕೋಣೆಯಲ್ಲಿ ತಟ್ಟೆಯಂಥ ಡಿಸ್ಕುಗಳ ನಡುವೆಯೇ ಬದುಕಿದವಳಿಗೆ ವಾರ್ಡಿನವರು ಇಟ್ಟ ಹೆಸರು ಅದು. "ಇವತ್ತು ಎಷ್ಟು ತಟ್ಟೆ ತೊಳೆದ್ರಿ?" ಎಂದು ನರ್ಸುಗಳು ಕೇಳಿದರೆ ಅವಳೂ ನಗುತ್ತಿದ್ದಳು. ಈಗ ಅವಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಡಿಸ್ಕನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ಹೊರ ಅಂಚಿನಿಂದ ಹೆಬ್ಬೆರಳಗಲ ಬಣ್ಣ ಮಾಸಿ ಹೋಗಿತ್ತು. ಬೆಳ್ಳಿಯ ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳು. ಒಂದೊಂದರಿಂದಲೂ ಬೆಳಕು ಅವಳನ್ನು ಅಣಕಿಸುವಂತೆ ಇಣುಕುತ್ತಿತ್ತು.

ಯಾವ ಕಂತಿನ ಮಾಲು ಎಂಬುದು ನೋಡಿದ ಕೂಡಲೇ ತಿಳಿಯಿತು. ಆ ಪೇಲವ ಹಸಿರು ಬೇರೆ ಯಾವುದಕ್ಕೂ ಇರಲಿಲ್ಲ.

ಬಾಗಿಲಲ್ಲಿ ಮಗುವಿನ ಅಪ್ಪ ನಿಂತಿದ್ದ. ಬಡಗಿ. ಕೆಲಸದಿಂದ ನೇರವಾಗಿ ಬಂದಿದ್ದರಿಂದ ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು, ಅಂಗಿಯ ಮಡಿಕೆಗಳಲ್ಲಿ ಮರದ ಹೊಟ್ಟು. ಹೊರಗಿನ ಬೆಂಚಿನ ಮೇಲೆ ಅವನ ಆರು ವರ್ಷದ ಮಗಳು ನೆಲಕ್ಕೆ ಎಟುಕದ ಕಾಲುಗಳನ್ನು ಆಡಿಸುತ್ತ ಕೂತಿದ್ದಳು. ಅವಳ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿತ್ತು. ಎಂಟು ತಿಂಗಳ ಕೂಸಾಗಿದ್ದಾಗ ಇದೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕಾದು ನೋಡೋಣ ಎಂದಿದ್ದರು. ಆವಾಗ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಆಪರೇಷನ್ ಬೇಕೋ ಬೇಡವೋ ಗೊತ್ತಾಗುತ್ತಿತ್ತು. ಹಳೆಯ ಚಿತ್ರ ಈ ಡಿಸ್ಕಿನಲ್ಲಿ ಮಾತ್ರ ಇತ್ತು. ಯಂತ್ರದೊಳಗಿನ ಚಿತ್ರಗಳನ್ನು ಎರಡು ವರ್ಷಕ್ಕೊಮ್ಮೆ ಅಳಿಸಿ ಜಾಗ ಮಾಡುವುದು ಅಲ್ಲಿಯ ಪದ್ಧತಿ.

"ಹಳೇ ಚಿತ್ರ ಸಿಗದಿದ್ರೆ ಏನ್ಮಾಡ್ತೀರಿ ಡಾಕ್ಟ್ರೇ?" ಎಂದ ಬಡಗಿ.

"ತೊಡೆಯಿಂದ ಒಂದು ಸಣ್ಣ ನಳಿಗೆ ಬಿಟ್ಟು ಹೃದಯದ ಹತ್ತಿರ ಒತ್ತಡ ಅಳೀಬೇಕು. ಅರಿವಳಿಕೆ ಕೊಟ್ಟೇ ಮಾಡ್ತೀವಿ. ನೋವಾಗಲ್ಲ."

"ನೋವಾಗಲ್ಲ ಅಂತ ನೀವು ಹೇಳ್ತೀರಿ. ಇಲ್ಲಿ ಚಿತ್ರ ಇದೆ ಅಂತಾನೂ ನೀವೇ ಹೇಳಿದ್ರಿ."

ಸರ್ಜನ್ ತಟ್ಟೆಯಮ್ಮನ ಕಡೆ ನೋಡಿದರು. ಬಡಗಿಯೂ ನೋಡಿದ. ಅವಳಿಗೆ ಕೆನ್ನೆ ಕಿವಿಗಳೆಲ್ಲ ಬಿಸಿಯಾದವು. ಅದು ನಾಚಿಕೆಯಲ್ಲ, ಸಿಟ್ಟು. ಐದು ವರ್ಷದಿಂದ ಅದುಮಿಟ್ಟುಕೊಂಡ ಸಿಟ್ಟು.

*

ಆ ಕೋಣೆಗೆ ಬಂದ ಮೊದಲ ವರ್ಷಗಳಲ್ಲಿ ಖಾಲಿ ಡಿಸ್ಕುಗಳನ್ನು ಆರಿಸುತ್ತಿದ್ದವಳು ಅವಳೇ. ಆರಿಸುವುದನ್ನು ಹೇಳಿಕೊಟ್ಟವರು ರೇಡಿಯೊ ನಿಲಯದಲ್ಲಿ ಧ್ವನಿ ಭಂಡಾರ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು, ಬೇಜಾರು ಕಳೆಯಲು ಅವಳ ಕೋಣೆಯಲ್ಲಿ ಕೂರುತ್ತಿದ್ದರು. "ಡಬ್ಬಿ ಮೇಲಿನ ಹೆಸರು ಬರೀ ಅಂಗಿ ಕಣಮ್ಮ," ಎಂದಿದ್ದರು. "ಒಂದೇ ಅಂಗಿ ಹಾಕ್ಕೊಂಡು ಹತ್ತು ಕಾರ್ಖಾನೆ ಮಾಲು ಬರತ್ತೆ. ಒಳಗೆ ಮೈ ಯಾವುದು ಅಂತ ನೋಡು." ಖಾಲಿ ಡಿಸ್ಕಿನಲ್ಲೂ ಅದನ್ನು ತಯಾರಿಸಿದ ಕಾರ್ಖಾನೆಯ ಗುರುತು ಇರುತ್ತದೆ, ಡ್ರೈವಿಗೆ ಹಾಕಿದರೆ ಓದಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಆಮೇಲಿನದನ್ನು ಅವಳು ತಾನೇ ಕಲಿತಳು.

ಹೊಸ ಡಬ್ಬಿ ಬಂದರೆ ಎರಡು ಡಿಸ್ಕು ತೆಗೆದು ಒಂದೇ ಸ್ಕ್ಯಾನನ್ನು ಎರಡಕ್ಕೂ ಬರೆಯುವಳು. ಒಂದನ್ನು ಕತ್ತಲೆಯ ಕಪಾಟಿಗೆ ಸೇರಿಸಿ ಇನ್ನೊಂದನ್ನು ಪಶ್ಚಿಮದ ಕಿಟಕಿಯ ಹಲಗೆಯ ಮೇಲೆ ತಿಂಗಳುಗಟ್ಟಲೆ ಬಿಸಿಲಿಗೆ ಇಡುವಳು. ಆಮೇಲೆ ಎರಡನ್ನೂ ಓದಿಸಿ, ಎಲ್ಲೆಲ್ಲಿ ಎಡವಿತು ಎಂದು ಲೆಕ್ಕ ಹಾಕುವಳು. ಬಿಸಿಲು ತಿಂದೂ ಎಡವದ ಡಿಸ್ಕಿಗೆ ಮಾತ್ರ ಒಳಗೆ ಪ್ರವೇಶ. ಬರೆಯುವಾಗ ಅವಸರ ಮಾಡುತ್ತಿರಲಿಲ್ಲ. ಡಬ್ಬಿಯ ಮೇಲೆ ಎಷ್ಟೇ ವೇಗ ಎಂದಿರಲಿ, ಅವಳದು ನಿಧಾನದ ಲೆಕ್ಕ. ಬರೆದ ಮೇಲೆ ಮತ್ತೊಮ್ಮೆ ಓದಿಸಿ ನೋಡದೆ ಕವರಿಗೆ ಹಾಕಿದ್ದಿಲ್ಲ. ಮೇಲೆ ಚೀಟಿ ಅಂಟಿಸುತ್ತಿರಲಿಲ್ಲ, ಬಾಲ್‌ಪೆನ್ನು ಮುಟ್ಟಿಸುತ್ತಿರಲಿಲ್ಲ. ಮೆತ್ತನೆಯ ತುದಿಯ ಪೆನ್ನಿನಲ್ಲಿ ನಟ್ಟನಡುವಿನ ತೂತಿನ ಸುತ್ತ ನಂಬರು. ಪ್ರತಿ ರೋಗಿಗೂ ಎರಡು ಪ್ರತಿ, ಎರಡು ಬೇರೆ ಬೇರೆ ಕಾರ್ಖಾನೆಯ ಡಿಸ್ಕಿನಲ್ಲಿ. ಆ ಕಾಲದ ಒಂದು ತಟ್ಟೆಯೂ ಇವತ್ತಿನವರೆಗೆ ಅವಳ ಮರ್ಯಾದೆ ತೆಗೆದಿರಲಿಲ್ಲ.

ಆಮೇಲೆ ಖರೀದಿ ವಿಭಾಗಕ್ಕೆ ಮುಖ್ಯಸ್ಥನಾಗಿ ಅವಳ ಮೈದುನ ಬಂದ.

ಗಂಡನ ಒಬ್ಬನೇ ತಮ್ಮ. ಅವನ ಸಂಸಾರ ಅವಳಿರುವ ಮನೆಯ ಮಹಡಿಯ ಮೇಲೆ. ಮದುವೆಯಾಗಿ ಬಂದಾಗ ಇನ್ನೂ ಶಾಲೆಗೆ ಹೋಗುತ್ತಿದ್ದ ಅವನಿಗೆ ಭಿನ್ನರಾಶಿ ಕಲಿಸಿದವಳು ಅವಳು. ನಾಲಗೆಯಲ್ಲಿ ಬೆಣ್ಣೆ ಇಟ್ಟುಕೊಂಡೇ ಹುಟ್ಟಿದವನು. ಬಂದ ಎರಡನೆಯ ತಿಂಗಳಿಗೆ, ಡಬ್ಬಿಯೂ ಇಲ್ಲದೆ ಪ್ಲಾಸ್ಟಿಕ್ ಕಂಬಕ್ಕೆ ಸಿಕ್ಕಿಸಿದ ಐನೂರು ಡಿಸ್ಕು ಇಳಿಸಿದ. ಸುತ್ತಿದ ಹಾಳೆಯ ಮೇಲೆ ದಪ್ಪಕ್ಷರದಲ್ಲಿ "ನೂರು ವರ್ಷ ಗ್ಯಾರಂಟಿ" ಎಂದಿತ್ತು. ಎರಡೆರಡು ಪ್ರತಿ ಯಾಕೆ, ಒಂದು ಸಾಕು ಎಂದು ಆದೇಶವೂ ಬಂತು.

ತಟ್ಟೆಯಮ್ಮ ಎಂದಿನಂತೆ ಒಂದನ್ನು ಕಿಟಕಿಗೆ ಇಟ್ಟಳು. ಇಪ್ಪತ್ತನೆಯ ದಿನಕ್ಕೆ ಅದು ಕಣ್ಣು ಮುಚ್ಚಿತು. ಗುರುತು ಓದಿಸಿದರೆ ಕಾರ್ಖಾನೆಯ ಜಾಗದಲ್ಲಿ ಅರ್ಥವಿಲ್ಲದ ನಾಲ್ಕು ಅಕ್ಷರ. ಮೈದುನನ ಕಚೇರಿಗೆ ಎರಡು ಪುಟದ ಪತ್ರ ಬರೆದಳು. ಮೂಲೆಯಲ್ಲಿ ಹಸಿರು ಶಾಯಿಯ "ಗಮನಿಸಲಾಗಿದೆ" ಹೊತ್ತು ಪತ್ರ ಹಿಂದಕ್ಕೆ ಬಂತು.

*

ಮಗುವಿನ ಡಿಸ್ಕು ಓದದ ಆ ದಿನ ಸಂಜೆ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಮಹಡಿ ಹತ್ತಿದಳು. ಮೈದುನ ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ಅತ್ತೆ ಕಿಟಕಿಯ ಬಳಿ ಕೂತು ಮೊಮ್ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದರು.

"ಬನ್ನಿ ಅತ್ತಿಗೆ, ಚಹಾ ಕುಡೀತೀರಾ?"

"ನಿನ್ನ ನೂರು ವರ್ಷ ಮುಗೀತು," ಎಂದಳು. ಚೀಲದಿಂದ ಡಿಸ್ಕು ತೆಗೆದು ಅವನ ಪೇಪರಿನ ಮೇಲೆ ಇಟ್ಟಳು. "ಐದೇ ವರ್ಷಕ್ಕೆ ಮುಗೀತು. ಒಳಗೆ ಒಂದು ಮಗುವಿನ ಹೃದಯ ಇತ್ತು. ಹುಡುಕಿ ಕೊಡು."

ಅವನು ಡಿಸ್ಕನ್ನು ತಿರುಗಿಸಿ ನೋಡಿದ. "ಒಂದು ಹೋದ್ರೆ ಎಲ್ಲಾ ಹೋಯ್ತಾ? ಮಾಲಿನಲ್ಲಿ ಒಂದೆರಡು ಕೆಟ್ಟದು ಬರೋದು ಇದ್ದಿದ್ದೇ."

"ಮಧ್ಯಾಹ್ನದಿಂದ ನಲವತ್ತು ಓದಿಸಿದೀನಿ. ಆರು ಸತ್ತಿವೆ. ಇನ್ನೂ ಒಂಬತ್ತು ಏದುಸಿರು ಬಿಡ್ತಿವೆ."

"ಹಳೇ ಡ್ರೈವಲ್ಲಿ ಹಾಕಿದ್ರಾ? ಒಂದೊಂದು ಡ್ರೈವಿಗೆ..."

"ನನಗೆ ಡ್ರೈವಿನ ಪಾಠ ಹೇಳ್ಬೇಡ!" ಅವಳ ದನಿ ಏರಿದ್ದಕ್ಕೆ ಅತ್ತೆಯ ಕೈಯ ಸೂಜಿ ನಿಂತಿತು. "ಬಿಸಿಲಿಗಿಟ್ಟು ತೋರಿಸಿದ್ದೆ. ಪತ್ರ ಬರೆದಿದ್ದೆ. ಏನು ಗಮನಿಸ್ದೆ ನೀನು? ನನ್ನ ಕಾಗುಣಿತಾನಾ?"

ಮೈದುನ ಪೇಪರು ಮಡಚಿದ. ಅವನಿಗೂ ಈಗ ಸಿಟ್ಟು ಬಂದಿತ್ತು. ಆದರೆ ಸಿಟ್ಟು ಬಂದಾಗ ಅವನ ಮಾತು ಇನ್ನಷ್ಟು ಮೆತ್ತಗಾಗುತ್ತಿತ್ತು. "ಅತ್ತಿಗೆ, ಮಾಲು ಪರಿಶೀಲಿಸಿದ್ದೇನೆ, ಚೆನ್ನಾಗಿದೆ ಅಂತ ಕೆಳಗೆ ಸಹಿ ಹಾಕಿದ್ದು ಯಾರು?"

ಸಹಿ ಅವಳದೇ. ಪತ್ರ ಹಿಂದಕ್ಕೆ ಬಂದ ಮೇಲೆ ಹದಿನೈದು ದಿನ ಅವಳು ಮಾಲನ್ನು ಒಳಗೆ ತೆಗೆದುಕೊಂಡಿರಲಿಲ್ಲ. ಮನೆಯಲ್ಲಿ ಮಾತುಕತೆ ನಿಂತಿತ್ತು; ವಾರಗಿತ್ತಿ ಮಹಡಿಯಿಂದ ಇಳಿಯುತ್ತಿರಲಿಲ್ಲ, ಗಂಡ ಎರಡೂ ಕಡೆ ಹೂಂ ಹೂಂ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಅತ್ತೆ ಅವಳ ಕೈ ಹಿಡಿದು, "ಅವನಿಗೆ ಹೊಸ ಕೆಲಸ. ಮನೆಯವಳೇ ಅಡ್ಡ ನಿಂತ್ರೆ ಹೊರಗಿನವರು ಸುಮ್ಮನಿರ್ತಾರಾ? ಒಂದು ಸಹಿ ತಾನೇ," ಎಂದಿದ್ದರು. ಮಾರನೆಯ ದಿನ ಅವಳು ಹಾಕಿದ್ದಳು. ಹಾಕುವಾಗ ಪೆನ್ನು ಎಷ್ಟು ಒತ್ತಿತ್ತೆಂದರೆ ಕೆಳಗಿನ ಹಾಳೆಯಲ್ಲೂ ಅಚ್ಚು ಬಿದ್ದಿತ್ತು.

"ಹೌದು, ನಾನೇ," ಎಂದಳು. "ಆ ಸಹಿ ನಾಳೆ ನಿರ್ದೇಶಕರ ಮೇಜಿನ ಮೇಲೆ ಇರತ್ತೆ. ನಿನ್ನ ಹಸಿರು ಶಾಯೀನೂ ಪಕ್ಕದಲ್ಲಿರತ್ತೆ."

"ಇಬ್ಬರ ಕೆಲಸಾನೂ ಹೋಗತ್ತೆ ಅತ್ತಿಗೆ. ಸ್ವಲ್ಪ ಯೋಚನೆ ಮಾಡಿ."

"ಐದು ವರ್ಷದ ಹಿಂದೆ ಯೋಚನೆ ಮಾಡಿದ್ದೇ ತಪ್ಪಾಗಿದ್ದು."

ಅತ್ತೆ ಬಾಯಿ ತೆರೆದರು. ಸೊಸೆ ಅವರ ಕಡೆ ತಿರುಗಿದ ರೀತಿಗೆ ಮತ್ತೆ ಮುಚ್ಚಿದರು. ಮೂವತ್ತು ವರ್ಷದಲ್ಲಿ ಅವಳು ಅತ್ತೆಯನ್ನು ಹಾಗೆ ನೋಡಿರಲಿಲ್ಲ.

*

ಮಗುವಿನ ಡಿಸ್ಕನ್ನು ಉಳಿಸಲು ಅವಳು ಎರಡು ದಿನ ಹೆಣಗಿದಳು. ಉಗ್ರಾಣದಿಂದ ಧೂಳು ಹಿಡಿದ ಹಳೆಯ ಡ್ರೈವುಗಳನ್ನು ತರಿಸಿ, ಒಂದಾದ ಮೇಲೊಂದು ಜೋಡಿಸಿ, ಆಮೆಯ ವೇಗದಲ್ಲಿ ಓದಿಸಿದಳು. ನಾಲ್ಕನೆಯ ಡ್ರೈವು ಒಳಸುತ್ತಿನಿಂದ ಏಳು ಚಿತ್ರ ಎತ್ತಿ ಕೊಟ್ಟಿತು. ಅವಳು ಓಡಿಹೋಗಿ ಸರ್ಜನ್ನರನ್ನು ಕರೆತಂದಳು. ಅವರು ಕನ್ನಡಕ ಮೇಲೇರಿಸಿ ಪರದೆಗೆ ಬಗ್ಗಿದರು.

"ಇದು ಭುಜ," ಎಂದರು ಮೆಲ್ಲಗೆ. "ಇದೂ ಭುಜ. ಹೃದಯ ಬರೋಕೆ ಮುಂಚೆ ನಿಂತುಬಿಟ್ಟಿದೆ."

ಮಗುವಿಗೆ ಗುರುವಾರ ಬೆಳಿಗ್ಗೆ ನಳಿಗೆ ಹಾಕಿದರು. ತಟ್ಟೆಯಮ್ಮನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ಹೊರಗೆ ನಿಂತಳು. ಬಡಗಿ ಅವಳನ್ನು ಕಂಡೂ ಕಾಣದಂತೆ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ. ಒಂದೂವರೆ ತಾಸಿನ ಮೇಲೆ ಮಗುವನ್ನು ಹೊರಗೆ ತಂದರು. ತೊಡೆಯ ಸಂದಿಯಲ್ಲಿ ದಪ್ಪನೆಯ ಪಟ್ಟಿ. ಸಂಜೆಯವರೆಗೆ ಕಾಲು ಮಡಚುವಂತಿಲ್ಲ ಎಂದರು. ಮಗು ಎಚ್ಚರಾಗಿ, ಎದ್ದು ಕೂರಬೇಕೆಂದು ಹಟ ಹಿಡಿದು, ಕೂರಿಸದಿದ್ದಾಗ ಗಂಟಲು ಹರಿಯುವಂತೆ ಅತ್ತಿತು. ಅಳುವಿನ ರಭಸಕ್ಕೆ ಪಟ್ಟಿಯ ಮೇಲೆ ಕೆಂಪು ಮೂಡಿತು. ನರ್ಸೊಬ್ಬಳು ಇಪ್ಪತ್ತು ನಿಮಿಷ ಅಂಗೈ ಒತ್ತಿ ಹಿಡಿದು ನಿಲ್ಲಬೇಕಾಯಿತು.

ಫಲಿತಾಂಶ ಒಳ್ಳೆಯದೇ ಬಂದಿತ್ತು. "ಒತ್ತಡ ಹೆಚ್ಚಿಲ್ಲ. ನಾಳ ಇನ್ನಷ್ಟು ಕಿರಿದಾಗಿಲ್ಲ. ಆಪರೇಷನ್ ಬೇಡ, ಇನ್ನೂ ಕಾಯಬಹುದು," ಎಂದರು ಸರ್ಜನ್.

ಅಳತೆಯಲ್ಲೇ ಬದುಕುವ ಬಡಗಿಗೆ ಲೆಕ್ಕ ತಿಳಿಯಲು ತಡವಾಗಲಿಲ್ಲ. "ಅಂದ್ರೆ ಹಳೇ ಚಿತ್ರ ಇದ್ದಿದ್ರೂ ಇದೇ ಗೊತ್ತಾಗ್ತಿತ್ತು."

ಸರ್ಜನ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಲು ಹೊರಟರು. ತಟ್ಟೆಯಮ್ಮ ನಡುವೆ ಬಂದಳು.

"ಹೌದು. ಇದೇ ಗೊತ್ತಾಗ್ತಿತ್ತು. ಆ ಡಿಸ್ಕು ಕೆಟ್ಟದ್ದು ಅಂತ ನನಗೆ ಅವತ್ತೇ ತಿಳಿದಿತ್ತು. ಆದ್ರೂ ಒಳ್ಳೇದು ಅಂತ ಸಹಿ ಹಾಕಿದೆ. ನಿಮ್ಮ ಮಗಳಿಗೆ ಆ ನಳಿಗೆ ಬೇಕಿರಲಿಲ್ಲ."

ಅವನು ಕೂಗಾಡುತ್ತಾನೆಂದುಕೊಂಡಿದ್ದಳು, ಕೂಗಾಡಿದ್ದರೆ ಹಗುರಾಗುತ್ತಿತ್ತೇನೋ. ಅವನು ಅವಳ ಮುಖವನ್ನು ಗಂಟಿರುವ ಹಲಗೆಯನ್ನು ನೋಡುವಂತೆ ನೋಡಿದ.

"ನಾನು ಹುಳ ಹಿಡಿದ ಮರದಲ್ಲಿ ತೊಟ್ಟಿಲು ಮಾಡಿಕೊಟ್ಟು, ಮೇಲೆ ಬಣ್ಣ ಹಚ್ಚಿದ್ರೆ ನೀವು ನನ್ನನ್ನ ಏನಂತೀರಿ?" ಎಂದ. "ಅದೇ ನೀವು." ತಿರುಗಿ ಮಗಳ ಹತ್ತಿರ ಹೋದ.

*

ನಿರ್ದೇಶಕರ ಕೋಣೆಯಲ್ಲಿ ನಾಲ್ಕು ಜನರಿದ್ದರು: ನಿರ್ದೇಶಕರು, ಸರ್ಜನ್, ಮೈದುನ, ಅವಳು. ಮೇಜಿನ ಮೇಲೆ ಅವಳ ಹಳೆಯ ಪತ್ರ, ಸಹಿ ಹಾಕಿದ ಹಾಳೆ. ಅವೆರಡರ ಪಕ್ಕ ಕಿಟಕಿಯಲ್ಲಿ ಸತ್ತಿದ್ದ ಆ ಮೊದಲ ಡಿಸ್ಕು. ಐದು ವರ್ಷ ಅದನ್ನು ಅವಳು ಎಸೆದಿರಲಿಲ್ಲ.

ನಿರ್ದೇಶಕರು ಎಲ್ಲವನ್ನೂ ಓದಿ, ಹಣೆ ಉಜ್ಜಿಕೊಂಡರು. "ಆ ಕಂತಿನಲ್ಲಿ ಎಷ್ಟು ಬಳಕೆಯಾಗಿದೆ?"

"ನಾನೂರ ಹನ್ನೆರಡು."

"ಸರಿ. ಓದುವಂಥದ್ದನ್ನು ಬೇರೆಯದಕ್ಕೆ ನಕಲು ಮಾಡಿ. ಓದದ್ದನ್ನು... ಅವರು ಬಂದಾಗ ನೋಡೋಣ. ಎಲ್ಲರೂ ಹಳೇದು ಕೇಳ್ಕೊಂಡು ಬರಲ್ಲವಲ್ಲ. ಸುಮ್ಮನೆ ಹುತ್ತಕ್ಕೆ ಕೈ ಹಾಕೋದು ಬೇಡ."

ಮೈದುನ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಅದನ್ನು ಕೇಳಿ ಅವಳ ಪಿತ್ತ ನೆತ್ತಿಗೇರಿತು.

"ಬಂದಾಗ ನೋಡೋಣ ಅಂದ್ರೆ, ಮೇಜಿನ ಮೇಲೆ ಮಲಗಿಸಿದ ಮೇಲೆ ನೋಡೋಣ ಅಂತಾನಾ ಸಾರ್? ಅವರೆಲ್ಲ ತಮ್ಮ ಚಿತ್ರ ನಮ್ಮ ಹತ್ರ ಭದ್ರವಾಗಿದೆ ಅಂತ ನಂಬಿ ಮನೇಲಿ ಕೂತಿದ್ದಾರೆ. ಇಲ್ಲ ಅಂತ ಇವತ್ತೇ ಗೊತ್ತಾದ್ರೆ ಇವತ್ತೇ ಹೊಸದು ತೆಗೆಸ್ಕೋತಾರೆ, ಬೇರೆ ಕಡೆ ನಕಲು ಇದ್ರೆ ಹುಡುಕ್ತಾರೆ. ನಾವು ಬಾಯಿ ಮುಚ್ಕೊಂಡಿದ್ರೆ ಅದೂ ಇಲ್ಲ."

"ದನಿ ತಗ್ಗಿಸಿ."

"ತಗ್ಗಿಸಿದ್ದೆ ಸಾರ್. ಎರಡು ಪುಟ ಬರೆದು ತಗ್ಗಿದ ದನೀಲೇ ಹೇಳಿದ್ದೆ. ಅದರ ಗತಿ ನಿಮ್ಮ ಮುಂದೇನೇ ಇದೆ." ಅವಳು ಎದ್ದು ನಿಂತಿದ್ದಳು, ಯಾವಾಗ ಎದ್ದಳೆಂದು ಅವಳಿಗೇ ತಿಳಿದಿರಲಿಲ್ಲ. "ನನ್ನನ್ನ ಕೆಲಸದಿಂದ ತೆಗೀರಿ, ಸಹಿ ಹಾಕಿದ್ದಕ್ಕೆ ತೆಗೀಬೇಕಾದ್ದೇ. ಆದ್ರೆ ಫೋನ್ ಮಾಡಿ ಹೇಳಿದ ಮೇಲೆ ತೆಗೀರಿ. ನೀವು ಬೇಡ ಅಂದ್ರೆ ಮನೆಯಿಂದ ಮಾಡ್ತೀನಿ."

ನಿರ್ದೇಶಕರು ಸರ್ಜನ್ನರ ಕಡೆ ನೋಡಿದರು. ಅದುವರೆಗೆ ಬಾಯಿ ಬಿಡದಿದ್ದ ಸರ್ಜನ್, "ಗುರುವಾರ ಆ ಹುಡುಗಿ ಅತ್ತಿದ್ದು ನೀವು ಕೇಳಿಲ್ಲ. ನಾನು ಕೇಳಿದೀನಿ. ಅವರು ಹೇಳೋದು ಸರಿ," ಎಂದರು.

ಕೊನೆಗೆ ಆದದ್ದು ಇಷ್ಟು. ಅವಳ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು, ಮೈದುನನದರಲ್ಲಿ ಎರಡು. ಡಿಸ್ಕು ಖರೀದಿ ಅವಳ ಕೈಗೆ ಮರಳಿತು, ಎರಡು ಪ್ರತಿಯ ನಿಯಮವೂ ಮರಳಿತು. ಆಸ್ಪತ್ರೆಯ ಹೆಸರಿನಲ್ಲೇ ಫೋನ್ ಮಾಡಲು ಒಪ್ಪಿಗೆ ಸಿಕ್ಕಿತು. ಅವಳಿಗೆ ಗೆದ್ದೆ ಎನ್ನಿಸಲಿಲ್ಲ.

ನಾನೂರ ಹನ್ನೆರಡನ್ನು ಓದಿಸಿ ಮುಗಿಸಲು ಹತ್ತೊಂಬತ್ತು ದಿನ ಹಿಡಿಯಿತು. ನಲವತ್ತಮೂರು ಪೂರ್ತಿ ಸತ್ತಿದ್ದವು.

ಫೋನ್ ಶುರುವಾಗುವ ದಿನ ಬೆಳಿಗ್ಗೆ ಅವಳು ಖರೀದಿ ವಿಭಾಗಕ್ಕೆ ಹೋಗಿ ಮೈದುನನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. "ಇಪ್ಪತ್ತೊಂದು ಹೆಸರಿದೆ. ಇವು ನಿನ್ನವು. ನನ್ನ ಕೋಣೆಗೆ ಬಂದು ಮಾಡು, ನನ್ನ ಕಣ್ಣೆದುರು."

"ಅತ್ತಿಗೆ, ನಾನು ಖರೀದಿಯವನು. ರೋಗಿಗಳ ಜೊತೆ ಮಾತಾಡೋದು ನನಗೆ..."

"ನಿನಗೆ ಮಾತು ಬರಲ್ಲ ಅಂತ ಇದೇ ಮೊದಲು ಕೇಳ್ತಿರೋದು. ಏಳು."

ಅವನು ಬಂದ. ಎದುರು ಬದುರಾಗಿ ಎರಡು ಮೇಜು, ಎರಡು ಫೋನು. ಅವಳ ಮೊದಲ ಕರೆಗೆ ಒಬ್ಬ ಮುದುಕ ಏನೂ ಅರ್ಥವಾಗದೆ, "ಪರವಾಗಿಲ್ಲ ತಾಯಿ, ಮತ್ತೆ ಬರ್ತೀನಿ," ಎಂದ. ಆ ಒಳ್ಳೆಯತನ ಅವಳಿಗೆ ಮುಳ್ಳಾಯಿತು. ಎರಡನೆಯದರಲ್ಲಿ ಒಬ್ಬ ಹೆಂಗಸು ಅವಳ ವಂಶವನ್ನೆಲ್ಲ ಜಾಲಾಡಿದಳು. ತಟ್ಟೆಯಮ್ಮ ಇಡೀ ಹತ್ತು ನಿಮಿಷ ರಿಸೀವರನ್ನು ಕಿವಿಯಿಂದ ದೂರ ಹಿಡಿಯದೆ ಕೇಳಿಸಿಕೊಂಡಳು.

ಮೈದುನನ ಮೊದಲೆರಡು ಕರೆ ಬೆಣ್ಣೆಯಲ್ಲೇ ಜಾರಿದವು. "ತಾಂತ್ರಿಕ ಕಾರಣದಿಂದ," ಎನ್ನುತ್ತಿದ್ದ. ಅವಳು ತಲೆ ಎತ್ತಿ ನೋಡಿದಳು, ಅಷ್ಟೆ. ಮೂರನೆಯದರಲ್ಲಿ ಆ ಕಡೆಯವರು ಬಿಡಲಿಲ್ಲವೆಂದು ಕಾಣುತ್ತದೆ. "ಏನು ಕಾರಣ ಅಂದ್ರೆ... ಇಲ್ಲ, ಕೇಳಿ... ಇಲ್ಲ ಅಮ್ಮ, ಬೆಂಕಿ ಬಿದ್ದಿಲ್ಲ." ಅವನ ಹಣೆ ಬೆವತಿತ್ತು. "ಡಿಸ್ಕು ಕೆಟ್ಟದ್ದು ತಂದಿದ್ವಿ. ತಂದವನು ನಾನೇ. ಬೇಡ ಅಂತ ಹೇಳಿದ್ರು, ಕೇಳಲಿಲ್ಲ." ಆ ಕಡೆಯಿಂದ ಬಂದ ಮಾತು ಅವಳಿಗೆ ಕೇಳಿಸಲಿಲ್ಲ. ಅವನ ಮುಖ ಕಂಡಿತು. ಯಾರೋ ನಿಧಾನವಾಗಿ, ಕೂಗದೆ, ಏನನ್ನೋ ವಿವರಿಸುತ್ತಿರಬೇಕು. ತೀರಿಹೋದ ಯಾರದೋ ಹೆಸರನ್ನು ಅವನು ಎರಡು ಸಲ ಹೇಳಿ, "ಅವರದು ಅಂತ ಆ ಚಿತ್ರ ಒಂದೇ ಉಳಿದಿತ್ತಾ?" ಎಂದು ಕೇಳಿದ.

ಫೋನಿಟ್ಟು ಎದ್ದು ಹೊರಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಹರಿಯುವ ಸದ್ದಾಯಿತು. ಇನ್ನು ಬರುವುದಿಲ್ಲ ಎಂದುಕೊಂಡು ತಟ್ಟೆಯಮ್ಮ ಅವನ ಹಾಳೆಯನ್ನೂ ತನ್ನ ಕಡೆ ಎಳೆದುಕೊಂಡಳು. ಅವನು ಒದ್ದೆ ಮುಖದಲ್ಲೇ ಬಂದು ಕೂತು, ಕೈ ಚಾಚಿದ.

ಅವಳು ಹಾಳೆ ಕೊಟ್ಟಳು. ಅವನ ಮೇಲಿನ ಸಿಟ್ಟು ಒಂದು ಎಳೆಯೂ ಇಳಿದಿರಲಿಲ್ಲ, ತನ್ನ ಮೇಲಿನದೂ ಇಳಿದಿರಲಿಲ್ಲ. "ಇನ್ನು ಹದಿನೆಂಟು," ಎಂದು ಹೇಳಿ, ತನ್ನ ಮುಂದಿನ ನಂಬರು ಒತ್ತಿದಳು.